ಬುಧವಾರದ ದುಡ್ಡು

ಹನ್ನೊಂದು ವರ್ಷ ನನ್ನ ಮನೆ ನಡೆದದ್ದು ಬುಧವಾರದ ಲೆಕ್ಕದಲ್ಲಿ. ವಾರ ಬಿಟ್ಟು ವಾರ, ಬುಧವಾರ ಬೆಳಗ್ಗೆ ಬ್ಯಾಂಕಿಗೆ ಇಎಸ್‌ಎ ಅನ್ನುವ ಸರ್ಕಾರಿ ಭತ್ಯೆಯ ದುಡ್ಡು ಬೀಳುತ್ತಿತ್ತು. ಮಧ್ಯಾಹ್ನ ಕೈಬೆರಳು ಸ್ವಲ್ಪ ಸಡಿಲವಾದ ಮೇಲೆ ಬಸ್ ಹತ್ತಿ ಬೆಲ್‌ಗ್ರೇವ್ ರೋಡಿಗೆ ಹೋಗುತ್ತಿದ್ದೆ. ತೊಗರಿಬೇಳೆ, ಸಬ್ಬಸಿಗೆ ಸೊಪ್ಪು, ಫ್ರೀಜರ್‌ನಿಂದ ಎರಡು ಪ್ಯಾಕೆಟ್ ಪಾಪ್ಡಿ ಲೀಲ್ವಾ. ಪಾಪ್ಡಿ ಲೀಲ್ವಾ ಅಂದರೆ ಬೇರೇನಲ್ಲ, ನಮ್ಮ ಅವರೆಕಾಳೇ. ಇಂಗ್ಲೆಂಡಿನ ಈ ಲೆಸ್ಟರ್‌ನಲ್ಲಿ ಗುಜರಾತಿಗಳು ಇಷ್ಟು ಜನ ಇರುವುದರಿಂದ ಅರಸೀಕೆರೆಯ ಹೆಂಗಸಿಗೂ ವರ್ಷವಿಡೀ ಅವರೆಕಾಳು ಸಾರು ಸಿಗುತ್ತದೆ. ಮಗಳು ಸಣ್ಣವಳಿದ್ದಾಗ ಸ್ಕೂಲಿಂದ ಬಂದವಳೇ ಬಾಗಿಲಲ್ಲಿ ಮೂಸಿ ನೋಡಿ, "ಅಮ್ಮ, ದುಡ್ಡು ಬಂತಾ?" ಅನ್ನುತ್ತಿದ್ದಳು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕಾಯಿಲೆಯಿಂದ, ಅಂಗವೈಕಲ್ಯದಿಂದ ಕೆಲಸ ಮಾಡಲಾಗದವರಿಗೆ ಬ್ರಿಟನ್‌ನಲ್ಲಿ 2008ರಿಂದ ಕೊಡುತ್ತಿದ್ದ ಭತ್ಯೆ ಇಎಸ್‌ಎ. ಪೂರ್ತಿ ಹೆಸರು ಎಂಪ್ಲಾಯ್‌ಮೆಂಟ್ ಅಂಡ್ ಸಪೋರ್ಟ್ ಅಲವನ್ಸ್. ನನಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್. ಬೆಳಗ್ಗೆ ಹತ್ತರವರೆಗೂ ಮುಷ್ಟಿ ಕಟ್ಟಲಾಗುವುದಿಲ್ಲ, ಹಲ್ಲುಜ್ಜುವ ಬ್ರಷ್ಷಿಗೆ ಸ್ಪಂಜು ಸುತ್ತಿಕೊಂಡು ಹಿಡಿಯಬೇಕು. ಅದಕ್ಕೂ ಮುಂಚೆ ಒಂದು ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ಎರಡು ಗಂಟೆ ಕೆಲಸ ಮಾಡುತ್ತಿದ್ದೆ. ಆ ಸಂಬಳ ಎಷ್ಟು ಸಣ್ಣದಿತ್ತೆಂದರೆ ನನ್ನ ಹೆಸರಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಕಟ್ಟಿದ ಲೆಕ್ಕವೇ ಇಲ್ಲ. ಅದಕ್ಕೇ ನನಗೆ ಸಿಕ್ಕಿದ್ದು ಆದಾಯ ನೋಡಿ ಕೊಡುವ ಇಎಸ್‌ಎ. ಕಟ್ಟಿದ ಲೆಕ್ಕ ಸರಿಯಾಗಿ ಇದ್ದವರ ಇಎಸ್‌ಎ ಬೇರೆ ಬಗೆಯದು, ಅದು ಹೊಸ ಹೆಸರಲ್ಲಿ ಈಗಲೂ ನಡೆಯುತ್ತಿದೆ. ನನ್ನ ಬಗೆಯದನ್ನು ಮಾತ್ರ ಮುಚ್ಚಿ, ಹಲವು ಭತ್ಯೆಗಳನ್ನು ಒಂದಾಗಿಸಿದ ಯೂನಿವರ್ಸಲ್ ಕ್ರೆಡಿಟ್‌ಗೆ, ಬಾಯಲ್ಲಿ ಯುಸಿಗೆ, ಸೇರಿಸುತ್ತಾ ಬಂದರು.

ಆ ಕಾಗದ ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಕಂದು ಬಣ್ಣದ ಲಕೋಟೆ ಬಿದ್ದರೆ ಇಲ್ಲಿ ಭತ್ಯೆ ತೆಗೆದುಕೊಳ್ಳುವ ಯಾರಿಗಾದರೂ ಹೊಟ್ಟೆಯೊಳಗೆ ಕಲಸಿದ ಹಾಗಾಗುತ್ತದೆ. ನಾನು ಎರಡು ದಿನ ಫ್ರಿಜ್ ಮೇಲೆ ಇಟ್ಟಿದ್ದೆ. ಆಮೇಲೆ ಬೆಣ್ಣೆ ಚಾಕು ತೂರಿಸಿ ಬಿಡಿಸಿದೆ, ಬೆರಳಲ್ಲಿ ಹರಿಯಲು ಬರುವುದಿಲ್ಲವಲ್ಲ. ಮೇಲೆ ದಪ್ಪಕ್ಷರದಲ್ಲಿ 'ಮೈಗ್ರೇಷನ್ ನೋಟಿಸ್'. 1999ರಲ್ಲಿ ಒಂದು ಸಲ ಮೈಗ್ರೇಟ್ ಆಗಿ ಬಂದಿದ್ದೆ, ಇದು ಕೂತ ಕುರ್ಚಿಯಿಂದ ಏಳದೆ ಆಗುವ ಎರಡನೆಯದು ಅಂದುಕೊಂಡೆ.

ಇದರಲ್ಲಿ ತುಂಬಾ ಜನ ಮೋಸ ಹೋದ ಜಾಗ ಒಂದಿದೆ. ಹಳೆಯದು ತಾನಾಗೇ ಹೊಸದಕ್ಕೆ ಬದಲಾಗುತ್ತದೆ ಅಂದುಕೊಂಡು ಸುಮ್ಮನೆ ಕೂತರು. ಹಾಗಿರಲಿಲ್ಲ. ಮೂರು ತಿಂಗಳ ಗಡುವು ಕೊಟ್ಟಿದ್ದರು, ಅಷ್ಟರೊಳಗೆ ನಾವೇ ಹೊಸದಾಗಿ ಅರ್ಜಿ ಹಾಕಬೇಕಿತ್ತು. ಹಾಕದಿದ್ದರೆ ಹಳೆಯದು ನಿಲ್ಲುತ್ತಿತ್ತು, ಅಷ್ಟೇ. ನನ್ನ ಪಕ್ಕದ ಮನೆಯವರು, "ಅವರೇ ಮಾಡ್ತಾರೆ ಬಿಡು" ಅಂತ ಧೈರ್ಯ ಹೇಳಿದ್ದರು. ಪುಣ್ಯಕ್ಕೆ ನಾನು, ಪುಕ್ಕಟೆ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯ ಹೆಲ್ಪ್ ಟು ಕ್ಲೈಮ್ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ಹೆಂಗಸು ಮುಕ್ಕಾಲು ಗಂಟೆ ತಾಳ್ಮೆಯಿಂದ ಮಾತಾಡಿದಳು. ಎರಡು ಮಾತು ಬರೆದಿಟ್ಟುಕೊಳ್ಳಲು ಹೇಳಿದಳು. ಒಂದು, ನೀನು ಸಪೋರ್ಟ್ ಗ್ರೂಪಿನವಳು, ಅಂದರೆ ಕೆಲಸ ಮಾಡಲಾಗದವಳೆಂದು ಆಗಲೇ ಒಪ್ಪಿಕೊಂಡಿದ್ದಾರೆ, ಹೊಸದಾಗಿ ಕಾಯಿಲೆ ಪರೀಕ್ಷೆ ಬೇಡ, ಅದು ಹಾಗೇ ಮುಂದುವರಿಯಬೇಕು. ಇನ್ನೊಂದು, ಟ್ರಾನ್ಸಿಷನಲ್ ಪ್ರೊಟೆಕ್ಷನ್.

ಈ ಪ್ರೊಟೆಕ್ಷನ್ ಏನು ಅಂತ ನನ್ನ ಲೆಕ್ಕದಲ್ಲೇ ತೋರಿಸುತ್ತೇನೆ. ಆ ವರ್ಷ ನನಗೆ ವಾರಕ್ಕೆ ಮೂಲ ಭತ್ಯೆ 90.50 ಪೌಂಡ್, ಸಪೋರ್ಟ್ ಗ್ರೂಪಿಗೆ 47.70, ಎನ್‌ಹ್ಯಾನ್ಸ್‌ಡ್ ಪ್ರೀಮಿಯಂ ಅನ್ನುವ ಹೆಚ್ಚುವರಿ ಭತ್ಯೆ 20.85, ಸಿವಿಯರ್ ಡಿಸೆಬಿಲಿಟಿ ಪ್ರೀಮಿಯಂ 81.50. ಒಟ್ಟು 240.55. ಬುಧವಾರ ಬೀಳುತ್ತಿದ್ದದ್ದು ಇದರ ಎರಡರಷ್ಟು, 481.10. ಕೊನೆಯ ಆ 81.50 ಯಾಕೆಂದರೆ, ನಾನು ಒಬ್ಬಳೇ ಇರುತ್ತೇನೆ, ನನ್ನನ್ನು ನೋಡಿಕೊಳ್ಳುತ್ತೇನೆಂದು ಭತ್ಯೆ ತೆಗೆದುಕೊಳ್ಳುವವರು ಯಾರೂ ಇಲ್ಲ. ಮಗಳು ಮ್ಯಾಂಚೆಸ್ಟರ್‌ನಲ್ಲಿ. ಡಬ್ಬಿಯ ಮುಚ್ಚಳ ತೆಗೆಯಲೂ ದುಡ್ಡು ಕೊಟ್ಟು ಜನ ಕರೆಯಬೇಕಾಗುತ್ತದೆ, ಅದಕ್ಕೆ ಅಂತ ಆ ದುಡ್ಡು. ಯುಸಿಯಲ್ಲಿ ಈ ಎರಡೂ ಪ್ರೀಮಿಯಂ ಇಲ್ಲವೇ ಇಲ್ಲ. ಮೂಲಕ್ಕೆ ತಿಂಗಳಿಗೆ 393.45, ಕೆಲಸ ಮಾಡಲಾಗದವರಿಗೆ 416.19, ಸೇರಿದರೆ 809.64. ಹಳೆಯದನ್ನು ತಿಂಗಳಿಗೆ ತಿರುಗಿಸಿದರೆ 1042.38. ನಡುವಿನ 232.74 ಪೌಂಡನ್ನು ಟ್ರಾನ್ಸಿಷನಲ್ ಎಲಿಮೆಂಟ್ ಅಂತ ತುಂಬಿಕೊಡುತ್ತಾರೆ. ಕೇಳಿದಾಗ, ಪರವಾಗಿಲ್ಲ, ಒಂದು ಪೈಸೆ ಕಮ್ಮಿಯಾಗಲ್ಲ ಅಂದುಕೊಂಡೆ.

ಅರ್ಜಿಯೆಲ್ಲ ಆನ್‌ಲೈನ್. ಒಂದೇ ಬೆರಳಲ್ಲಿ ಒತ್ತಿ ಒತ್ತಿ ಎರಡು ಮಧ್ಯಾಹ್ನ ಹಿಡಿಯಿತು. ನವೆಂಬರ್ 27ಕ್ಕೆ ಕಳಿಸಿದೆ, ಅದೂ ಬುಧವಾರವೇ. ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗದಲ್ಲಿ ನಮ್ಮಪ್ಪನ ಹೆಸರಿದೆ, ಬ್ಯಾಂಕಲ್ಲಿ ಅದು ಬರೀ ಇನಿಶಿಯಲ್. ಕಂಪ್ಯೂಟರ್ ಒಪ್ಪಲಿಲ್ಲ. ಕೊನೆಗೆ ಭತ್ಯೆಯ ಸರ್ಕಾರಿ ಕಚೇರಿ, ಜಾಬ್‌ಸೆಂಟರ್‌ಗೇ ಹೋಗಿ ಮುಖ ತೋರಿಸಿದೆ. ಕೌಂಟರಿನ ಹುಡುಗ ನನ್ನ ಕೈ ನೋಡಿ ಸಹಿ ಹಾಕಿ ಅಂತ ಹೇಳಲು ಸಂಕೋಚಪಟ್ಟ.

ಯುಸಿಯಲ್ಲಿ ಮೊದಲ ದುಡ್ಡಿಗೆ ಐದು ವಾರ ಕಾಯಬೇಕು. ಹಳೆಯ ಇಎಸ್‌ಎ ಎರಡು ವಾರ ಜಾಸ್ತಿ ಕೊಟ್ಟರು, ಅದನ್ನು ವಾಪಸ್ ಕೇಳಲಿಲ್ಲ. ಉಳಿದ ಮೂರು ವಾರಕ್ಕೆ ಅಡ್ವಾನ್ಸ್ ಬೇಕಾ ಅಂತ ಕೇಳಿದರು. ಅಡ್ವಾನ್ಸ್ ಅಂದರೆ ಸಾಲ, ಬಡ್ಡಿಯಿಲ್ಲ ನಿಜ, ಆದರೆ ಎರಡು ವರ್ಷದವರೆಗೂ ತಿಂಗಳು ತಿಂಗಳು ಮುರಿದುಕೊಳ್ಳುತ್ತಾರೆ. ಬೇಡ ಅಂದೆ. ಪಿಪ್ ಅಂತ ಅಂಗವೈಕಲ್ಯಕ್ಕೆ ಕೊಡುವ ಇನ್ನೊಂದು ಭತ್ಯೆ ನಾಲ್ಕು ವಾರಕ್ಕೊಮ್ಮೆ ಬರುತ್ತದೆ, ಅದನ್ನು ಯುಸಿ ಮುಟ್ಟುವುದಿಲ್ಲ. ಅದರಲ್ಲೇ ಕ್ರಿಸ್‌ಮಸ್ ಕಳೆದೆ. ಹುರುಳಿ ಸಾರು, ಹುರುಳಿ ಬಸ್ಸಾರು, ಮತ್ತೆ ಹುರುಳಿ ಸಾರು.

ಯುಸಿಯ ಆನ್‌ಲೈನ್ ಖಾತೆಯಲ್ಲಿ ಜರ್ನಲ್ ಅಂತ ಇರುತ್ತದೆ, ಪತ್ರ ವ್ಯವಹಾರವೆಲ್ಲ ಅಲ್ಲೇ. ಡಿಸೆಂಬರ್ ನಡುವೆ ಅದರಲ್ಲಿ ಒಂದು ಸಂದೇಶ. ಡಾಕ್ಟರಿಂದ ಸಿಕ್ ನೋಟ್ ತಂದುಕೊಡಿ ಅಂತ. ನಾನು ಬರೆದಿಟ್ಟುಕೊಂಡಿದ್ದ ಚೀಟಿ ತೆಗೆದು, ಸಪೋರ್ಟ್ ಗ್ರೂಪಿನವರಿಗೆ ಅದು ಬೇಕಿಲ್ಲ ಅಂತ ಮೂರು ಸಾಲು ಉತ್ತರ ಕೊಟ್ಟೆ. ಸದ್ದಿಲ್ಲ. ಜನವರಿ 2ಕ್ಕೆ ದುಡ್ಡು ಬಂತು. 792.12. ಖುಷಿಯಾಗುವುದರೊಳಗೆ ಸ್ಟೇಟ್‌ಮೆಂಟ್ ತೆರೆದೆ. ಅದರಲ್ಲಿ 398.67 ಮನೆ ಬಾಡಿಗೆ! ಇಷ್ಟು ವರ್ಷ ಬಾಡಿಗೆ ನನ್ನ ಕಣ್ಣಿಗೇ ಬೀಳದೆ ಹೌಸಿಂಗ್ ಅಸೋಸಿಯೇಷನ್‌ಗೆ ಹೋಗುತ್ತಿತ್ತು, ಈಗ ನನ್ನ ಕೈಗೇ ಕೊಟ್ಟು ನೀನೇ ಕಟ್ಟು ಅನ್ನುತ್ತಾರೆ. ಅದನ್ನು ಕಳೆದರೆ ಬರೀ 393.45. ಕೆಲಸ ಮಾಡಲಾಗದವರ ಭಾಗವೂ ಇಲ್ಲ, ಪ್ರೊಟೆಕ್ಷನ್ನೂ ಇಲ್ಲ. ಮತ್ತೆ ಸಿಟಿಜನ್ಸ್ ಅಡ್ವೈಸ್, ಮತ್ತೆ ಜರ್ನಲ್, ಈ ಸಲ ಹಳೆಯ ಪತ್ರದ ಫೋಟೋ ಸಮೇತ. ಎರಡು ವಾರಕ್ಕೆ ಉಳಿದ 648.93 ಬಂತು. ಕ್ಷಮಿಸಿ ಅಂತ ಒಂದು ಸಾಲೂ ಇತ್ತು, ಯಾರು ಬರೆದರೋ, ಹೆಸರಿರಲಿಲ್ಲ.

ಊರಲ್ಲಿರುವ ಅಕ್ಕನಿಗೆ ಫೋನಲ್ಲಿ ಇದನ್ನೆಲ್ಲ ಹೇಳಿದೆ. ಅವಳಿಗೆ ಚಿಕ್ಕಂದಿನಲ್ಲೇ ಪೋಲಿಯೋ, ಅಂಗವಿಕಲರ ಮಾಸಾಶನ ಬರುತ್ತದೆ. "ನಮಗೂ ಹಂಗೇ ಕಣೇ" ಅಂದಳು. "ಮುಂಚೆ ಪೋಸ್ಟ್‌ಮ್ಯಾನ್ ಜಗಲಿಗೆ ತಂದು ಎಣಿಸಿ ಕೊಡ್ತಿದ್ದ. ಈಗ ಆಧಾರ್, ಬ್ಯಾಂಕು, ಬೆರಳಚ್ಚು. ನನ್ನ ಬೆರಳು ಸವೆದೋಗಿದೆ ಅಂತ ಮಿಷನ್ ತಗೊಳ್ಳಲ್ಲ." ಒಬ್ಬಳ ಬೆರಳು ಸವೆದಿದೆ, ಇನ್ನೊಬ್ಬಳದು ಸೊಟ್ಟ. ಇಬ್ಬರೂ ಸ್ವಲ್ಪ ಹೊತ್ತು ನಕ್ಕೆವು.

ಪ್ರೊಟೆಕ್ಷನ್ನಿನ ಅಸಲಿ ಬಣ್ಣ ಗೊತ್ತಾದದ್ದು 2025ರ ಏಪ್ರಿಲ್ ಕಳೆದ ಮೇಲೆ. ಬಾಡಿಗೆ ವಾರಕ್ಕೆ ಎರಡೂವರೆ ಪೌಂಡ್ ಏರಿತು. ಜರ್ನಲ್‌ನಲ್ಲಿ ತಿಳಿಸಿದೆ. ಮೇ 2ರ ಸ್ಟೇಟ್‌ಮೆಂಟಲ್ಲಿ ಬಾಡಿಗೆ ಭಾಗ 10.83 ಜಾಸ್ತಿಯಾಗಿತ್ತು. ಕೆಳಗೆ ನೋಡಿದರೆ ಟ್ರಾನ್ಸಿಷನಲ್ ಎಲಿಮೆಂಟ್ ಅಷ್ಟೇ, 10.83, ಕಮ್ಮಿಯಾಗಿತ್ತು. ತಪ್ಪಾಗಿದೆ ಅಂತ ಫೋನ್ ಮಾಡಿದೆ. ತಪ್ಪಲ್ಲವಂತೆ, ನಿಯಮವೇ ಹಾಗೆ. ಬೇರೆ ಯಾವ ಭಾಗ ಏರಿದರೂ ಅಷ್ಟನ್ನು ಇದರಿಂದ ಕಳೆಯುತ್ತಾರೆ, ಮಕ್ಕಳ ಚೈಲ್ಡ್‌ಕೇರ್ ಒಂದನ್ನು ಬಿಟ್ಟು. ಜೂನ್‌ನಲ್ಲಿ ಬೆಲೆ ಏರಿಕೆಗೆ ಅಂತ ಮೂಲ ಭತ್ಯೆ 400.14 ಆಯಿತು, ಇನ್ನೊಂದು 423.27. ಏರಿದ್ದು ಒಟ್ಟು 13.77. ಅದನ್ನೂ ಕಳೆದರು. ಅಲ್ಲಿಗೆ ಆ 232.74ರಲ್ಲಿ ಉಳಿದದ್ದು 208.14. ಭತ್ಯೆ ಏರಿಕೆಯಿಂದ ನನಗೆ ಸಿಕ್ಕಿದ್ದು ಸೊನ್ನೆ. ಬಾಡಿಗೆ ಏರಿದ್ದನ್ನು ಕಟ್ಟಿದ್ದು ನನ್ನ ಅಡುಗೆ ದುಡ್ಡಿನಿಂದ. ಕೈಲಿರುವ ಐಸನ್ನು ಯಾರೂ ಕಿತ್ತುಕೊಳ್ಳಲ್ಲ ಅಂತ ಮಾತು ಕೊಟ್ಟ ಹಾಗೆ ಇದು. ಹೌದು, ಯಾರೂ ಕಿತ್ತುಕೊಂಡಿಲ್ಲ.

ತಿಂಗಳ ಲೆಕ್ಕ ನನಗೆ ಒಗ್ಗಲಿಲ್ಲ. ಬಾಡಿಗೆ ವಾರದ್ದು, ಪಿಪ್ ನಾಲ್ಕು ವಾರದ್ದು, ಯುಸಿ ತಿಂಗಳಿನದು. ಮೂರೂ ಒಂದೇ ಕ್ಯಾಲೆಂಡರಿನ ಮೇಲೆ ಒಂದಕ್ಕೊಂದು ತಾಳೆಯಾಗದೆ ಓಡುತ್ತವೆ. ಮೇ ಕೊನೆಯ ವಾರ ಹಾಲಿಗೆ ಚಿಲ್ಲರೆ ಹುಡುಕಿದ ಮೇಲೆ ಮಗಳು ಒಂದು ದಾರಿ ಮಾಡಿಕೊಟ್ಟಳು. ಬಾಡಿಗೆ ಕಟ್ಟಿ ಉಳಿದದ್ದೆಲ್ಲ ಇನ್ನೊಂದು ಖಾತೆಗೆ ಹೋಗುತ್ತದೆ. ಅಲ್ಲಿಂದ ವಾರ ಬಿಟ್ಟು ವಾರ, ಬುಧವಾರ ಬೆಳಗ್ಗೆ, ನನ್ನ ಖಾತೆಗೆ ತಾನಾಗೇ ಬೀಳುವ ಹಾಗೆ ಸ್ಟ್ಯಾಂಡಿಂಗ್ ಆರ್ಡರ್ ಹಾಕಿದಳು. ವರ್ಷದ ದುಡ್ಡನ್ನು ಇಪ್ಪತ್ತಾರು ಪಾಲು ಮಾಡಿ ಲೆಕ್ಕ ಹಾಕಿದಳು. 476.10 ಬಂತು. ಹಳೆಯ ಇಎಸ್‌ಎ ಆ ವರ್ಷವೂ ಇದ್ದಿದ್ದರೆ 489.30 ಆಗುತ್ತಿತ್ತು.

ಹೋದ ಬುಧವಾರವೂ ಬೆಲ್‌ಗ್ರೇವ್ ರೋಡಿಗೆ ಹೋಗಿದ್ದೆ. ಲೀಲ್ವಾ ಎರಡು ಪ್ಯಾಕೆಟ್ ಕೈಗೆತ್ತಿಕೊಂಡು, ಒಂದನ್ನು ವಾಪಸ್ ಇಟ್ಟೆ.