ನೀರನ್ನು ಏನು ಮಾಡಿದೆ, ತಂಗಿ?

ಮೊನ್ನೆ ಪಿಎಚ್‌.ಡಿ. ಸಂದರ್ಶನ ಮುಗಿಸಿ ಗೋಳಗುಮ್ಮಟದ ರಸ್ತೆಗೆ ಬರುವಷ್ಟರಲ್ಲಿ ದೀಪ ಹತ್ತಿದ್ದವು. ಪ್ರಾಧ್ಯಾಪಕರೊಬ್ಬರು ಒಮ್ಮೆಗೆ 8 ಜನರಿಗಷ್ಟೇ ಮಾರ್ಗದರ್ಶನ ಮಾಡಬಹುದು. ನನ್ನಲ್ಲಿ ಈಗಾಗಲೇ 7 ಜನರಿದ್ದಾರೆ. ಉಳಿದ ಒಂದು ಸ್ಥಾನಕ್ಕೆ ಬಂದವರು 11 ಮಂದಿ.

ಅವರಲ್ಲಿ 9 ಮಂದಿಯದು ಡಾಕಿಂಗ್, ಅಂದರೆ ಅಣುವೊಂದು ಪ್ರೋಟೀನಿನ ಸಂದಿಯಲ್ಲಿ ಹೇಗೆ ಕೂಡುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಕಾರಣ ಊಹಿಸುವುದು ಕಷ್ಟವಲ್ಲ. ದ್ರಾವಕಗಳಿಗೆ ದುಡ್ಡು ಬೇಕು. ಲೆಕ್ಕ ಹಾಕುವ ತಂತ್ರಾಂಶ ಆಟೊಡಾಕ್ ವೀನಾ ಪುಕ್ಕಟೆ, ಪ್ರೋಟೀನುಗಳ ರಚನೆ ಸಿಗುವ ಪ್ರೋಟೀನ್ ಡೇಟಾ ಬ್ಯಾಂಕೂ ಪುಕ್ಕಟೆ. ರಾತ್ರಿ ಲೆಕ್ಕಕ್ಕೆ ಬಿಟ್ಟು ಮಲಗಿದರೆ ಬೆಳಿಗ್ಗೆ ‘ಮೈನಸ್ 9.4’ ಎಂಬ ಅಂಕಿ ಸಿದ್ಧ; ಮೈನಸ್ ಹೆಚ್ಚಿದಷ್ಟೂ ಹಿಡಿತ ಬಿಗಿ ಎಂಬ ಅಂದಾಜು ಅದು. ನಾನೂ ಅದೇ ಕಸುಬಿನವನು, ದೂರುವುದಿಲ್ಲ. ಆದರೆ ಆ ಅಂಕಿಯನ್ನು ಔಷಧಿಯೇ ಸಿಕ್ಕಿತೆಂಬಂತೆ ಹಿಡಿದು ಬರುತ್ತಾರೆ.

ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದೆ: ಹರಳಿನ ರಚನೆಯಲ್ಲಿ ಮೊದಲೇ ಕುಳಿತಿರುವ ಔಷಧಿಯನ್ನು ಎಬ್ಬಿಸಿ, ಮತ್ತೆ ಕೂಡಿಸಿ ನೋಡಿದಿರಾ? ಹರಳಿನ ರಚನೆ ಅಂದರೆ ಹರಳುಗಟ್ಟಿಸಿದ ಪ್ರೋಟೀನಿನಲ್ಲಿ ಯಾವ ಪರಮಾಣು ಎಲ್ಲಿದೆ ಎಂಬ ನಕ್ಷೆ, ಸಿಕ್ಕಿಕೊಂಡ ನೀರಿನ ಅಣುಗಳೂ ಅದರಲ್ಲಿರುತ್ತವೆ. ಮೂಲ ಜಾಗದಿಂದ 2 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು) ಒಳಗೆ ಬಂದರೆ ಮಾತ್ರ ಮುಂದಿನ ಮಾತು. ಬಹುತೇಕರು ನೋಡಿರಲಿಲ್ಲ.

ಇಂಡಿ ಕಡೆಯ ಹುಡುಗಿಯೊಬ್ಬಳು ನೋಡಿದ್ದಳು. ಆಲ್‌ಝೈಮರ್ ರೋಗಿಗಳಿಗೆ ಕೊಡುವ ಡೊನೆಪೆಜಿಲ್ ಇರುವ ಡೇಟಾ ಬ್ಯಾಂಕಿನ 4ಇವೈ7 ಎಂಬ ಗುರುತಿನ ರಚನೆ, ಅಸಿಟೈಲ್‌ಕೋಲಿನ್‌ಎಸ್ಟರೇಸ್ ಕಿಣ್ವದ್ದು. “ಮೊದಲ ಸಲ ಕೂಡಲಿಲ್ಲ, ಸರ್.”

“ನೀರನ್ನು ಏನು ಮಾಡಿದೆ, ತಂಗಿ?”

“ಎಲ್ಲ ತೆಗೆದುಹಾಕಿದ್ದೆ, ಸರ್. ವಿಡಿಯೊದಲ್ಲಿ ಹಾಗೇ ಹೇಳಿದ್ದರು.”

ಮಳೆ ಕೈಕೊಟ್ಟರೆ ಟ್ಯಾಂಕರಿಗೆ ಕೊಡ ಹಿಡಿದು ನಿಲ್ಲುವ ಜಿಲ್ಲೆಯವರು ನೀರನ್ನು ಹೀಗೆ ಚೆಲ್ಲುವುದೇ, ಎಂದೆ. ನಕ್ಕಳು. ಆಮೇಲೆ ಔಷಧಿಗೂ ಕಿಣ್ವಕ್ಕೂ ನಡುವೆ ನಿಂತ ಕೆಲವು ನೀರಿನ ಅಣುಗಳನ್ನು ಉಳಿಸಿಕೊಂಡು ಮತ್ತೆ ನಡೆಸಿದಳಂತೆ, ಸರಿಯಾಗಿ ಕುಳಿತಿತಂತೆ.

“ಡೊನೆಪೆಜಿಲ್ ಹಿಡಿದ ನೀರನ್ನು ನಿನ್ನ ಹೊಸ ಅಣುವೂ ಹಿಡಿಯುತ್ತದೆಂದು ಯಾರು ಹೇಳಿದರು?”

ಬಹಳ ಹೊತ್ತು ಸುಮ್ಮನಿದ್ದಳು. “ಗೊತ್ತಿಲ್ಲ, ಸರ್” ಎಂದಳು. ಆ ದಿನ ನನಗೆ ಸಿಕ್ಕ ಅತ್ಯುತ್ತಮ ಉತ್ತರ ಅದೇ. ಎಚ್‌ಐವಿ ವೈರಸ್ಸಿನ ಪ್ರೋಟಿಯೇಸ್ ಎಂಬ ಕಿಣ್ವದಲ್ಲಿ ಇಂಥದೇ ಒಂದು ನೀರಿನ ಅಣುವಿದೆ. ಡ್ಯುಪಾಂಟ್ ಮೆರ್ಕ್ ಕಂಪನಿಯವರು ಅದನ್ನು ಬೇಕೆಂದೇ ಹೊರದಬ್ಬಿ, ಅದರ ಜಾಗದಲ್ಲಿ ತಮ್ಮ ಅಣುವಿನ ಆಕ್ಸಿಜನ್ ಕೂಡುವಂತೆ ಕಟ್ಟಿದರು, 1994ರಲ್ಲಿ ಪ್ರಕಟಿಸಿದರು. ನೀರನ್ನು ತೆಗೆಯಬಾರದೆಂದಲ್ಲ, ಯಾವುದನ್ನು ಏಕೆ ತೆಗೆದೆವೆಂಬುದು ತಿಳಿದಿರಬೇಕು. ಅಷ್ಟು ಚೆಂದದ ಆ ಅಣುಗಳೂ ಔಷಧಿ ಅಂಗಡಿ ತಲುಪಲಿಲ್ಲ ಎನ್ನುವುದನ್ನೂ ಹೇಳಿದೆ. ಜೊತೆಗಿದ್ದ ಸದಸ್ಯರು ಗಡಿಯಾರ ನೋಡತೊಡಗಿದ್ದರು.

ಲಿಖಿತ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30. ಬರವಣಿಗೆಯಲ್ಲಿ ಅವಳದು ನಾಲ್ಕನೆಯ ಸ್ಥಾನ. ನಾನು ಎಷ್ಟೇ ಅಂಕ ಕೊಟ್ಟರೂ ಕೂಡಿ ಕಳೆದು ಏನಾಗುತ್ತದೋ, ಪಟ್ಟಿ ಇನ್ನೂ ಬಂದಿಲ್ಲ.

ಬಾಗಿಲ ತನಕ ಹೋದವಳು ತಿರುಗಿ ಬಂದು ಕೇಳಿದಳು: “ಸರ್, ಇಲ್ಲಿಯ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ? ಊರಲ್ಲಿ ಕರೆಂಟ್ ಹೋಗಿ ನನ್ನ ಲೆಕ್ಕ ಎರಡು ಸಲ ನಡುವೆಯೇ ನಿಂತಿತ್ತು.”

ಎರಡು ತಾಸು, ಎಂದೆ. ಹಾಳೆಯ ಅಂಚಿನಲ್ಲಿ ಬರೆದುಕೊಂಡಳು.