ಪಿಯುಸಿಲಿ ಸೈಕಾಲಜಿ ತಗೋಬೇಕಾ ಮೇಡಂ? ಎಲ್ಲರಿಗೂ ಸೇರಿಸಿ ಒಂದೇ ಉತ್ತರ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು ಅಂದ್ರೆ ಫೋನು ಶುರು. ಅರಸೀಕೆರೆಯಿಂದ, ಸಕಲೇಶಪುರದಿಂದ, ಇಲ್ಲೇ ಹಾಸನದ ಪಕ್ಕದ ಬೀದಿಯಿಂದ್ಲೂ. "ನಮ್ ಹುಡುಗಿಗೆ ಸೈಕಾಲಜಿಸ್ಟ್ ಆಗ್ಬೇಕಂತೆ, ಪಿಯುಸಿಲೇ ಸೈಕಾಲಜಿ ತಗೋಬೇಕಾ?" ಡಿಗ್ರಿಲಿ ಅದೇ ಪಾಠ ಮಾಡ್ತೀನಲ್ಲ, ನನ್ನನ್ನೇ ಹಿಡ್ಕೋತಾರೆ.

ಬೇಕೇ ಬೇಕು ಅಂತೇನಿಲ್ಲ. ನನ್ನ ಕ್ಲಾಸಲ್ಲಿ ಕಾಮರ್ಸ್ ಮಾಡಿ ಬಂದೋರೂ ಇದಾರೆ, ಚೆನ್ನಾಗೇ ಓದ್ತಾರೆ. ಆದ್ರೆ ನಾನು ಮೊದ್ಲೇ ಒಂದು ಕೇಳ್ಬಿಡ್ತೀನಿ, ಮಾತ್ರೆ ಬರ್ಕೊಡೋ ಡಾಕ್ಟ್ರಾಗ್ಬೇಕಾ ಇಲ್ಲಾ ಕೂತು ಮಾತಾಡ್ಸಿ ಥೆರಪಿ ಕೊಡೋರಾಗ್ಬೇಕಾ ಅಂತ. ಡಾಕ್ಟ್ರು ಅಂದ್ರೆ ಸೈಕಿಯಾಟ್ರಿ, ಎಂಬಿಬಿಎಸ್ ಮುಗಿಸಿ ಎಂಡಿ, ಅದಕ್ಕೆ ನೀಟ್, ನೀಟ್‌ಗೆ ಫಿಸಿಕ್ಸು ಕೆಮಿಸ್ಟ್ರಿ ಬಯಾಲಜಿ, ಆರ್ಟ್ಸ್‌ಗೆ ಸೇರ್ಕೊಂಡು ಸೆಕೆಂಡ್ ಪಿಯುಸಿಲಿ ಇದು ಗೊತ್ತಾದ್ರೆ ಯಾರ್ ಹತ್ರ ಹೇಳ್ಕೊಳ್ಳೋದು. ಕ್ಲಿನಿಕಲ್ ಸೈಕಾಲಜಿಸ್ಟ್ ದಾರಿ ಬೇರೆ: ಡಿಗ್ರಿ, ಎಂಎ ಅಥವಾ ಎಂಎಸ್ಸಿ, ಜೊತೆಗೆ ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ಒಪ್ಪಿರೋ ಟ್ರೈನಿಂಗು, ರಿಜಿಸ್ಟ್ರೇಷನ್ನು. ಅರ್ಜೆಂಟ್ ಇರೋರಿಗಲ್ಲ.

ಹಂಗಾದ್ರೆ ಪಿಯುಸಿಲಿ ಯಾಕೆ ಓದ್ಬೇಕು? ನಾನಂತೂ ಪ್ರಾಕ್ಟಿಕಲ್ಸ್‌ಗೋಸ್ಕರ ಅಂತೀನಿ. ಮುಲ್ಲರ್ ಲಯರ್ ಅಂತ ಒಂದು ಪ್ರಯೋಗ ಇದೆ, 1889ರ ಕಾಲದ್ದು. ಎರಡು ಗೆರೆ, ಒಂದರ ತುದಿಲಿ ಬಾಣ ಒಳಕ್ಕೆ ಮಡಚಿರುತ್ತೆ, ಇನ್ನೊಂದರಲ್ಲಿ ಹೊರಕ್ಕೆ ಬಿಚ್ಕೊಂಡಿರುತ್ತೆ. ಎರಡೂ ಸಮ ಅನ್ಸೋವರ್ಗೂ ಬಿಚ್ಕೊಂಡಿರೋ ಗೆರೆ ಇರೋ ಪಟ್ಟಿ ಎಳೀಬೇಕು. ಬಿಚ್ಕೊಂಡಿರೋದು ಉದ್ದ ಕಾಣುತ್ತಲ್ಲ, ಹುಡುಗ್ರು ಬೇಗ ನಿಲ್ಲಿಸಿಬಿಡ್ತಾರೆ, ತಿರುಗಿಸಿ ಹಿಂದಿರೋ ಸ್ಕೇಲ್ ನೋಡಿದ್ರೆ ಇಷ್ಟು ಮಿಲಿಮೀಟರ್ ಕಮ್ಮಿ! ಮೋಸ ಅಂತ ಗೊತ್ತಾದ್ಮೇಲೂ ಕಣ್ಣು ಮತ್ತೆ ಮೋಸ ಹೋಗುತ್ತೆ. ಆಮೇಲೆ ಎಲ್ಲಾ ಸಲದ ತಪ್ಪನ್ನೂ ಕೂಡಿ ಸರಾಸರಿ ತೆಗೆದು ರೆಕಾರ್ಡ್ ಬುಕ್ ಬರೀಬೇಕು, ಗೊಣಗಾಟ ಶುರುವಾಗೋದೇ ಇಲ್ಲಿ. ಮ್ಯಾತ್ಸ್ ತಪ್ಪಿಸ್ಕೊಳ್ಳೋಕೆ ಸೈಕಾಲಜಿಗೆ ಬರೋರು ದಯವಿಟ್ಟು ಕೇಳಿಸ್ಕೊಳ್ಳಿ, ಡಿಗ್ರಿಲಿ ಸ್ಟ್ಯಾಟಿಸ್ಟಿಕ್ಸ್ ಕಾಯ್ತಾ ಇರುತ್ತೆ. ಎದುರಿಗಿರೋರ ಮನಸ್ಸು ಓದೋ ವಿದ್ಯೆ ಅಂತೂ ಯಾವ ಸೆಮಿಸ್ಟರಲ್ಲೂ ಇಲ್ಲ.

"ಇದೇನೋ ಹೊಸ ಫ್ಯಾಷನ್ ಸಬ್ಜೆಕ್ಟು" ಅನ್ನೋ ಅಪ್ಪಂದಿರಿಗೆ: ಮೈಸೂರು ಯೂನಿವರ್ಸಿಟಿಲಿ 1924ರಲ್ಲೇ ಇದರ ಡಿಪಾರ್ಟ್‌ಮೆಂಟ್ ಇತ್ತು ಸ್ವಾಮಿ. 1935ರಲ್ಲಿ ತಮ್ಮ ಮನೇಲೇ ಆಕಾಶವಾಣಿ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಇದ್ರಲ್ಲ, ಅವ್ರು ಅಲ್ಲಿ ಸೈಕಾಲಜಿ ಪ್ರೊಫೆಸರ್ರು.

ಇನ್ನು ಕೆಲವು ಮಕ್ಕಳು ತಮ್ಮ ಟೆನ್ಷನ್ ತಾವೇ ಸರಿ ಮಾಡ್ಕೊಳ್ಳೋಕೆ ಅಂತ ಈ ಸಬ್ಜೆಕ್ಟ್ ಕೇಳ್ತಾರೆ. ಅದಕ್ಕೆ ಟೆಕ್ಸ್ಟ್‌ಬುಕ್ ಸಾಲಲ್ಲ ಕಂದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಕೊನೇದಾಗಿ, ಎಲ್ಲಾ ಪಿಯು ಕಾಲೇಜಲ್ಲೂ ಸೈಕಾಲಜಿ ಇರಲ್ಲ, ಫೀಸ್ ಕಟ್ಟೋ ಮುಂಚೆ ಕಾಂಬಿನೇಷನ್ ಕೇಳ್ಕೊಳ್ಳಿ. ಸಿಗ್ಲಿಲ್ಲ ಅಂತ ಹದಿನಾರು ವರ್ಷದ ಹುಡುಗೀನ ಬೆಂಗ್ಳೂರು ಪಿಜಿಗೆ ಕಳ್ಸೋದೇನ್ ಬೇಡ, ಇಲ್ಲೇ ಸೋಷಿಯಾಲಜಿ ಇರೋ ಕಾಂಬಿನೇಷನ್ ತಗೊಂಡು ಡಿಗ್ರಿಗೆ ಸೈಕಾಲಜಿಗೆ ಬರ್ಲಿ.