ಬೈಬಲ್ ಅಧ್ಯಯನದಲ್ಲಿ ‘ನಾನು ಒಪ್ಪಲ್ಲ’ ಅನ್ನಬಹುದಾ?

‘ಗುಂಪಿನಲ್ಲಿ ವಾಕ್ಯ ಓದುವಾಗ ಸಂಶಯ ಬಂದರೆ ಬಾಯಿಬಿಟ್ಟು ಕೇಳಬಹುದಾ? ಅದು ಅಪನಂಬಿಕೆ ಆಗುವುದಿಲ್ಲವಾ?’ ಎಂದು ಬಹಳ ಜನ ಕೇಳುತ್ತಾರೆ. ಧಾರಾಳವಾಗಿ ಕೇಳಿ. ಒಂದೇ ಷರತ್ತು: ಕೇಳುವಾಗ ನಿಮ್ಮ ಬೆರಳು ಯಾವುದಾದರೊಂದು ವಚನದ ಮೇಲಿರಬೇಕು.

ಅಪೊಸ್ತಲ ಪೌಲ ಹೇಳಿದ್ದು ಹೌದೋ ಅಲ್ಲವೋ ಎಂದು ಬೆರೋಯ ಪಟ್ಟಣದವರು ದಿನವೂ ಶಾಸ್ತ್ರ ತೆರೆದು ನೋಡುತ್ತಿದ್ದರು. ಅಪೊಸ್ತಲರ ಕೃತ್ಯಗಳು 17:11 ಅವರನ್ನು ಅದಕ್ಕಾಗಿ ಹೊಗಳುತ್ತದೆಯೇ ಹೊರತು ಗದರುವುದಿಲ್ಲ. ಅಂತಿಯೋಕ್ಯದಲ್ಲಿ ಪೌಲ, ಯೇಸುವಿನ ಪ್ರಮುಖ ಶಿಷ್ಯ ಪೇತ್ರನನ್ನೇ ಎಲ್ಲರ ಮುಂದೆ ಖಂಡಿಸಿದ (ಗಲಾತ್ಯ 2:11–14). ಇಷ್ಟೆಲ್ಲ ಇರುವ ಗ್ರಂಥವನ್ನು ಬರೀ ತಲೆಯಾಡಿಸುತ್ತಾ ಓದುವುದೇ ವಿಚಿತ್ರ.

ಪೌಲ ಬರೆದ ರೋಮಾಪುರ ಪತ್ರದ 3:28 ಮತ್ತು ಯಾಕೋಬನ ಪತ್ರದ 2:24 ತೆಗೆದುಕೊಳ್ಳಿ. ದೇವರ ಮುಂದೆ ನೀತಿವಂತನೆನಿಸಿಕೊಳ್ಳುವುದು ನಂಬಿಕೆಯಿಂದ, ನೇಮನಿಷ್ಠೆಗಳಿಂದಲ್ಲ ಎನ್ನುತ್ತದೆ ಒಂದು. ಬರೀ ನಂಬಿಕೆಯಿಂದಲ್ಲ, ಕ್ರಿಯೆಗಳಿಂದ ಎನ್ನುತ್ತದೆ ಇನ್ನೊಂದು. ಯಾರಾದರೂ ‘ಇವೆರಡೂ ಕೂಡುವುದಿಲ್ಲವಲ್ಲ’ ಎಂದ ತಕ್ಷಣ ಮುಂದಾಳು ‘ನಂಬಿಕೆ ಬೇರು, ಕ್ರಿಯೆ ಹಣ್ಣು’ ಎಂದು ಮುಗಿಸಿಬಿಡುತ್ತಾರೆ. ಮಾತು ತಪ್ಪಲ್ಲ, ಬೇಗ ಬಂತು ಅಷ್ಟೆ. ಆಗ ಸುಮ್ಮನಿದ್ದು ರೋಮಾಪುರ 3–4, ಯಾಕೋಬ 2 ಅಧ್ಯಾಯಗಳನ್ನು ಓದಿಸಿ. ಇಬ್ಬರೂ ಅಬ್ರಹಾಮನನ್ನೇ ಉದಾಹರಿಸುತ್ತಾರೆ, ಆದಿಕಾಂಡ 15:6ನ್ನೇ ಎತ್ತಿಕೊಳ್ಳುತ್ತಾರೆ. ಆದರೆ ಯಾಕೋಬ ಅದಕ್ಕೆ ಅದೇ ಆದಿಕಾಂಡದ 22ನೇ ಅಧ್ಯಾಯದಲ್ಲಿ ಅಬ್ರಹಾಮ ಮಗ ಇಸಾಕನನ್ನು ಬಲಿಕೊಡಲು ಸಿದ್ಧನಾದ ಪ್ರಸಂಗವನ್ನೂ ಸೇರಿಸುತ್ತಾನೆ. ಪೌಲನ ಎದುರಿಗಿರುವುದು ಯೆಹೂದ್ಯರು, ಅನ್ಯಜನರು ಎಂಬ ಭೇದ (3:29–30). ಯಾಕೋಬನ ಎದುರಿಗೆ ಹಸಿದವನನ್ನು ಬರೀ ಬಾಯಿಮಾತಲ್ಲಿ ಹರಸಿ ಕಳಿಸುವವರು (2:15–16). ಒಬ್ಬರು ಒಪ್ಪದೆ ಹೋದದ್ದಕ್ಕೆ ಇಷ್ಟು ಕಣ್ಣಿಗೆ ಬಿತ್ತು.

ನಡೆಸುವ ಬಗೆ ಸರಳ. ಆರರಿಂದ ಹತ್ತು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಮೆಲುದನಿಯವರು ಮುಳುಗಿಹೋಗುತ್ತಾರೆ. ಮೊದಲ ಹತ್ತು ನಿಮಿಷ ಎಲ್ಲರೂ ಮೌನವಾಗಿ ಓದಿ, ಅರ್ಥವಾಗದ ಒಂದು ಸಾಲನ್ನು ಚೀಟಿಯಲ್ಲಿ ಬರೆಯಲಿ. ಪ್ರಶ್ನೆ ಕೇಳಿದ ಮೇಲೆ ಮುಂದಾಳು ಮನಸ್ಸಿನಲ್ಲೇ ಹತ್ತು ಎಣಿಸಲಿ, ತನ್ನ ಅಭಿಪ್ರಾಯವನ್ನು ಕೊನೆಗಿಡಲಿ. ಪಾಸ್ಟರ್ ಮೊದಲೇ ಮಾತಾಡಿಬಿಟ್ಟರೆ ಆಮೇಲೆ ಯಾರಿಗೂ ಎದುರಾಡುವ ಧೈರ್ಯ ಬರುವುದಿಲ್ಲ. ಒಪ್ಪದವರು ಮೊದಲು ಎದುರಿನವರ ಮಾತನ್ನು ಅವರು ‘ಹೌದು, ಅದೇ’ ಎನ್ನುವಂತೆ ತಿರುಗಿ ಹೇಳಲಿ, ನಂತರ ತಮ್ಮ ವಚನ ತೋರಿಸಲಿ.

ಎಲ್ಲ ಪ್ರಶ್ನೆಯೂ ಚರ್ಚೆಗಲ್ಲ. ಮಗುವನ್ನು ಕಳೆದುಕೊಂಡವರು ‘ದೇವರು ಯಾಕೆ ಹೀಗೆ ಮಾಡಿದ?’ ಎಂದರೆ ವಚನ ಹುಡುಕಬೇಡಿ. ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಸುಮ್ಮನೆ ಕೂತಷ್ಟು ಹೊತ್ತು ಸರಿಯಾಗಿಯೇ ಇದ್ದರು (2:13). ಬಾಯಿ ತೆರೆದ ಮೇಲೆಯೇ ಕೆಟ್ಟಿತು (42:7). ಇನ್ನು ಮಕ್ಕಳಿಗೆ ದೀಕ್ಷಾಸ್ನಾನ ಕೊಡಬಹುದೇ ಎಂಬಂಥ ಹಳೆಯ ವಾದವನ್ನು ವಾರವಾರವೂ ಎಳೆದು ತರುವವರಿದ್ದರೆ ಅದಕ್ಕೊಂದು ದಿನ ಬೇರೆ ಇಡಿ.

ಬಗೆಹರಿಯದ್ದನ್ನು ವಚನದ ಸಂಖ್ಯೆ ಸಮೇತ ನೋಟ್‌ಬುಕ್‌ನಲ್ಲಿ ಬರೆದಿಟ್ಟು, ಮುಂದಿನ ವಾರ ಅಲ್ಲಿಂದಲೇ ಶುರುಮಾಡಿ. ಕೇಳಿದವರ ಮಾತಿನಲ್ಲೇ ಬರೆಯಿರಿ. ಮುಂದಾಳು ತಿದ್ದಿ ಬರೆದರೆ, ಉತ್ತರ ಸಿಗುವುದು ಇನ್ಯಾವುದೋ ಪ್ರಶ್ನೆಗೆ.